ಆಯಿಯ ಸೂಜಿ ಮತ್ತು ಒಂದು ಗ್ರಾಫಿಕ್ಸ್ ಕಾರ್ಡು

ಕೊಣ್ಣೂರಿನ ನಮ್ಮ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. 2013ರಲ್ಲಿ ಉಳ್ಳಾಗಡ್ಡಿಗೆ ಒಳ್ಳೇ ರೇಟು ಬಂದಿತ್ತು. ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಅಪ್ಪ ಹುಬ್ಬಳ್ಳಿಗೆ ಬಂದು, ಅಂಗಡಿಯಲ್ಲಿ ನಿಂತು, ‘ಗಟ್ಟಿ ಇರೋದು ಕೊಡ್ರಿ, ಹತ್ತು ವರ್ಷ ಬರಬೇಕು’ ಅಂತ ಹೇಳಿ ಕೊಡಿಸಿದ ಪೆಟ್ಟಿಗೆ ಅದು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3. ಅಪ್ಪ ಕೇಳಿದ ಹತ್ತು ವರ್ಷವನ್ನು ಅದು ನಿಜಕ್ಕೂ ಬಾಳಿತು. ಆದರೆ ಹತ್ತನೇ ವರ್ಷದಲ್ಲಿ ಅವ್ವ ಅದಕ್ಕೊಂದು ಕೆಲಸ ಹೇಳಿದಳು, ಅದು ಅದರ ಕೈಲಿ ಆಗಲಿಲ್ಲ.

ಕೆಲಸ ಅಂದರೆ ಒಂದು ವಿಡಿಯೊ ತೋರಿಸುವುದು. ಹನ್ನೊಂದು ನಿಮಿಷದ್ದು, ಅಷ್ಟೇ.

ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. 2018ರ ಮೇ ತಿಂಗಳಲ್ಲಿ, ಕಾಕಾನ ಮಗ ಹೊಸ ಐಫೋನ್ ಹಿಡಿದುಕೊಂಡು ಊರಿಗೆ ಬಂದಿದ್ದ. ಮಧ್ಯಾಹ್ನದ ಹೊತ್ತು ಆಯಿ ಪಡಸಾಲೆಯ ಬಾಗಿಲ ಬೆಳಕಿಗೆ ಕುಂತು ಕೌದಿ ಹೊಲಿಯುತ್ತಿದ್ದಳು. ಅವನು ಫೋನನ್ನು ಉದ್ದಕ್ಕೆ ಹಿಡಿದು, ಇದ್ದುದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ಗುಣಮಟ್ಟದಲ್ಲಿ, ಅಂದರೆ 4ಕೆ, ಸೆಕೆಂಡಿಗೆ 60 ಫ್ರೇಮು, ಸುಮ್ಮನೆ ಚಿತ್ರೀಕರಿಸಿದ. ಫೋನಿನಲ್ಲಿ ಜಾಗ ಸಾಲದೆ ಹೋಗುವಾಗ ಅದನ್ನು ನಮ್ಮ ಕಂಪ್ಯೂಟರಿಗೆ ಹಾಕಿ ಹೋದ. ಮನೆಯವರ ವಾಟ್ಸಾಪಿಗೂ ಒಂದು ಕಳಿಸಿದ್ದ, ಆದರೆ ವಾಟ್ಸಾಪು ವಿಡಿಯೊವನ್ನು ಹಿಂಡಿ ಹಿಪ್ಪೆ ಮಾಡಿ ಕಳಿಸುತ್ತದೆ ಅನ್ನೋದು ನಿಮಗೆ ಗೊತ್ತೇ ಇದೆ. ಅದರಲ್ಲಿ ಆಯಿಯ ಮುಖ ಗುರುತು ಸಿಗುತ್ತದೆ, ಸೂಜಿ ಕಾಣುವುದಿಲ್ಲ.

ಅದೇ ವರ್ಷ ಆಯಿ ಹೋದಳು. ಮರುವರ್ಷ, 2019ರ ಆಗಸ್ಟ್‌ನಲ್ಲಿ, ಮಲಪ್ರಭೆ ಊರೊಳಗೆ ಬಂದಳು. ನರಗುಂದ ತಾಲ್ಲೂಕಿನಲ್ಲಿ ಹೊಳೆದಂಡೆಯ ಊರು ನಮ್ಮದು, ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲೇ ಇದೆ. ಆ ಸಲ ರಸ್ತೆಯೇ ಬಂದ್ ಆಗಿತ್ತು. ನೀರು ಏರುತ್ತಿದೆ ಅಂತ ಗೊತ್ತಾದಾಗ ಅವ್ವ ಬಂಗಾರ, ಪಹಣಿ ಪತ್ರ ತಗೊಂಡಳು. ಅಪ್ಪ ಕಂಪ್ಯೂಟರಿನ ಪೆಟ್ಟಿಗೆಯ ವೈರುಗಳನ್ನು ಕಿತ್ತು, ಗೊಬ್ಬರದ ಚೀಲದಲ್ಲಿ ಸುತ್ತಿ, ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಂತನಂತೆ. ಪಕ್ಕದವರು, ‘ಏನ್ರೀ ಅದು?’ ಅಂತ ಕೇಳಿದ್ದಕ್ಕೆ, ‘ನಮ್ಮವ್ವ’ ಅಂದನಂತೆ. ಇದನ್ನು ಅಪ್ಪ ಇವತ್ತಿಗೂ ಒಪ್ಪುವುದಿಲ್ಲ, ಅವ್ವನ ಬಾಯಿಂದ ಕೇಳಿದ್ದು.

ಹಳೇ ಮನೆಯ ಮಣ್ಣಿನ ಗೋಡೆ ನೀರಿಗೆ ನಿಲ್ಲಲಿಲ್ಲ. ಹಾಗಾಗಿ ಆ ಪಡಸಾಲೆ, ಆ ಬಾಗಿಲು, ಅದರೊಳಗೆ ಕುಂತ ಆಯಿ ಮೂರೂ ಒಟ್ಟಿಗೆ ಇರುವುದು ಆ ಒಂದು ಫೈಲಿನಲ್ಲಿ ಮಾತ್ರ.

2023ರ ದೀಪಾವಳಿಗೆ ನಾನು ಮನೆಗೆ 43 ಇಂಚಿನ 4ಕೆ ಟಿವಿ ತಂದೆ. ಆ ಹೊತ್ತಿಗೆ ತಂಗಿ ಬಸುರಿ. ಕುಬಸ ಮಾಡಿ ತವರಿಗೆ ಕರಕೊಂಡು ಬರುವ ಮಾತು ನಡೆದಿತ್ತು. ಅವ್ವ ಟ್ರಂಕಿನಿಂದ ಆಯಿಯ ಎರಡು ಇಳಕಲ್ಲ ಸೀರೆ ತೆಗೆದಳು. ತೊಟ್ಟಿಲಿಗೆ ಕೌದಿ ಹೊಲಿಯಬೇಕು, ಅಂಗಡಿಯ ರಜಾಯಿ ಬೇಡ, ಇದೇ ಸೀರೆಯದ್ದೇ ಆಗಬೇಕು. ಹೊಲಿಗೆ ಅವ್ವನಿಗೆ ಬರುತ್ತದೆ. ಆದರೆ ಆಯಿಯ ಕೌದಿಯ ಮೂಲೆಗಳಲ್ಲಿ ಏನೋ ಒಂದಿತ್ತು. ಆಕೆ ಅಂಚಿನಿಂದ ಸುತ್ತು ಹೊಡೆಯುತ್ತ ಒಳಗೆ ಬರುವವಳು, ಮೂಲೆ ಬಂದಾಗ ದಾರ ಕಡಿಯುತ್ತಿರಲಿಲ್ಲ, ಬಟ್ಟೆ ಸುಕ್ಕೂ ಆಗುತ್ತಿರಲಿಲ್ಲ. ಅವ್ವ ಹೊಲಿದರೆ ಮೂಲೆ ಎದ್ದು ನಿಲ್ಲುತ್ತದೆ.

‘ಅತ್ತಿಯವರು ಇದ್ದಾಗ ನಾ ಹೊಲದಾಗ ಇರ್ತಿದ್ದೆ ತಮ್ಮಾ. ಕಲಿಯಾಕ ಕುಂತವರು ಯಾರು? ಆ ವಿಡಿಯೋದಾಗ ಐತಲ್ಲ, ಟಿವಿಯಾಗ ದೊಡ್ಡದು ಮಾಡಿ ಹಚ್ಚಿಕೊಡು.’

ಇಷ್ಟೇ ಬೇಡಿಕೆ. ಸಾಫ್ಟ್‌ವೇರ್ ಎಂಜಿನಿಯರ್ ಮಗ ಇರೋದು ಇಂಥದಕ್ಕೆ ತಾನೇ.

ಕಂಪ್ಯೂಟರನ್ನು ಟಿವಿಗೆ ಜೋಡಿಸಿ ವಿಡಿಯೊ ಹಚ್ಚಿದೆ. ಆಯಿಯ ದನಿ ಸರಾಗ ಬರುತ್ತಿದೆ, ಆಯಿ ಮಾತ್ರ ನಿಂತು ನಿಂತು ಜಿಗಿಯುತ್ತಿದ್ದಾಳೆ. ಸೂಜಿ ಬಟ್ಟೆಯ ಮೇಲಿದೆ; ಮುಂದಿನ ಕ್ಷಣ ದಾರ ಎಳೆದಾಗಿದೆ. ನಡುವೆ ಕೈ ಏನು ಮಾಡಿತು ಅನ್ನುವುದೇ ಇಲ್ಲ. ಅವ್ವ ಎರಡು ನಿಮಿಷ ನೋಡಿ ಎದ್ದುಹೋದಳು. ‘ಬ್ಯಾಡ ಬಿಡು, ಅವರಿಗೆ ಫಿಟ್ಸ್ ಬಂದಂಗ ಕಾಣಸ್ತದ’ ಅಂದಳು. ಆ ಮಾತು ನನಗೆ ತಾಗಿತು.

ಓದುವ ಜಾಣರು ಈಗಾಗಲೇ ಕೇಳುತ್ತಿರಬಹುದು, ಪೆನ್‌ಡ್ರೈವ್‌ಗೆ ಹಾಕಿ ಟಿವಿಗೇ ಚುಚ್ಚಬಾರದಿತ್ತೇ ಅಂತ. ಚುಚ್ಚಿದೆ. ಮೊದಲು ಫೈಲೇ ಕಾಪಿ ಆಗಲಿಲ್ಲ. ಫೈಲು 4.4 ಜಿಬಿ, ಪೆನ್‌ಡ್ರೈವ್ ಫ್ಯಾಟ್32 ನಮೂನೆಯದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ ಹಾಕಿದೆ. ಟಿವಿ ವಿಡಿಯೊವನ್ನು ಚಂದ ಓಡಿಸಿತು, ಆದರೆ ಅಡ್ಡಡ್ಡ! ಫೋನು ಉದ್ದಕ್ಕೆ ಹಿಡಿದು ತೆಗೆದಾಗ ‘ಇದನ್ನು ತಿರುಗಿಸಿ ತೋರಿಸು’ ಅಂತ ಫೈಲಿನೊಳಗೊಂದು ಚೀಟಿ ಇರುತ್ತದೆ. ನಮ್ಮ ಟಿವಿ ಆ ಚೀಟಿ ಓದುವುದಿಲ್ಲ. ಆಯಿ ಗೋಡೆಗೆ ಕಾಲು ಕೊಟ್ಟು ಮಲಗಿ ಕೌದಿ ಹೊಲಿಯುತ್ತಿದ್ದಳು. ಅಪ್ಪ ತಲೆ ವಾರೆ ಮಾಡಿ ಸ್ವಲ್ಪ ಹೊತ್ತು ನೋಡಿದ, ಕುತ್ತಿಗೆ ಹಿಡಿಯಿತು.

ತಿರುಗಿಸಿ ಹೊಸ ಫೈಲು ಮಾಡಬಹುದಿತ್ತು. ಆದರೆ ಟಿವಿಯ ಪ್ಲೇಯರ್‌ನಲ್ಲಿ ಒಂದೊಂದೇ ಫ್ರೇಮು ಸರಿಸಿ ನೋಡಲು, ಚಿತ್ರ ಹಿಗ್ಗಿಸಲು ಆಗುತ್ತಿರಲಿಲ್ಲ. ಅವ್ವನಿಗೆ ಬೇಕಿದ್ದುದು ಅದೇ. ಇನ್ನೊಂದು ಉಪಾಯ, ವಿಡಿಯೊವನ್ನು ಫುಲ್ ಎಚ್‌ಡಿಗೆ ಇಳಿಸುವುದು. ಅದನ್ನೂ ಮಾಡಿದೆ. ಹಳೇ ಕಂಪ್ಯೂಟರ್‌ನಲ್ಲಿ ನೀರಿನಂತೆ ಓಡಿತು. ಆದರೆ ಕೈಯ ಹತ್ತಿರ ಹಿಗ್ಗಿಸಿದರೆ ಕೆಂಪು ಬಟ್ಟೆಯ ಮೇಲಿನ ಕೆಂಪು ದಾರ ಮಾಯ. 4ಕೆ ಚಿತ್ರದಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ ಚುಕ್ಕೆ. ಫುಲ್ ಎಚ್‌ಡಿಯಲ್ಲಿ ಅದರ ಕಾಲುಭಾಗ, ಸುಮಾರು 21 ಲಕ್ಷ. ದಾರ ಇದ್ದದ್ದು ಹೋದ ಮುಕ್ಕಾಲು ಭಾಗದಲ್ಲಿ.

ನನ್ನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಮೂಲ ಫೈಲು ಒಂಚೂರೂ ತಡವರಿಸಲಿಲ್ಲ. ಆದರೆ ಸೋಮವಾರ ಅದೂ ನಾನೂ ಬೆಂಗಳೂರಿನಲ್ಲಿರಬೇಕು. ಅವ್ವ ಕೌದಿ ಹೊಲಿಯುವುದು ದಿನಾ ಮಧ್ಯಾಹ್ನ, ಎರಡು ತಿಂಗಳು.

ಆಗ ಗ್ರಾಫಿಕ್ಸ್ ಕಾರ್ಡ್ ಹಾಕುವ ಯೋಚನೆ ಬಂತು. ಇಲ್ಲಿಂದ ನನ್ನ ಮರ್ಯಾದೆ ಹೋದ ಕಥೆ.

ಬೆಂಗಳೂರಿನ ಎಸ್.ಪಿ. ರೋಡ್ ನೀವು ನೋಡಿರಬಹುದು. ಇಕ್ಕಟ್ಟಾದ ಬೀದಿ, ಎರಡೂ ಕಡೆ ಕಂಪ್ಯೂಟರ್ ಸಾಮಾನು, ಕೇಬಲ್ಲಿನ ತೋರಣ. ಶನಿವಾರ ಹೋಗಿ ಒಂದು ಅಂಗಡಿಯಲ್ಲಿ, ‘ಹಳೇ ಸಿಸ್ಟಂಗೆ ಸಣ್ಣ ಕಾರ್ಡ್ ಬೇಕು, ಬರೀ ವಿಡಿಯೊ ನೋಡೋಕೆ, 4ಕೆ ಬರಬೇಕು’ ಅಂದೆ. ‘ಜಿಟಿ 710 ತಗೊಳ್ಳಿ ಸರ್, 2 ಜಿಬಿ, 4ಕೆ ಬರುತ್ತೆ’ ಅಂದರು. ಮೂರೂವರೆ ಸಾವಿರ ಕೊಟ್ಟು ತಂದೆ. ಅಂಗಡಿಯವರದ್ದು ತಪ್ಪಿಲ್ಲ, ಆ ಕಾರ್ಡಿನಿಂದ 4ಕೆ ಪರದೆ ಹತ್ತುವುದು ನಿಜ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಮುಂದಿನ ವಾರ ಊರಿಗೆ ಒಯ್ದು ಹಾಕಿದೆ. ಆಯಿ ಮೊದಲಿನ ಹಾಗೇ ಜಿಗಿದಳು. ‘ಎಷ್ಟು ಕೊಟ್ಟಿ?’ ಅಂತ ಅಪ್ಪ ಕೇಳಿದ. ಸಾವಿರ ಕಮ್ಮಿ ಹೇಳಿದೆ.

ಎಲ್ಲಿ ಎಡವಿದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ದುಡ್ಡಾದರೂ ಉಳಿಯಲಿ.

4ಕೆ, 60 ಫ್ರೇಮಿನ ವಿಡಿಯೊವನ್ನು ಏನೂ ಒತ್ತದೆ ಹಾಗೇ ಇಟ್ಟರೆ ಒಂದು ಸೆಕೆಂಡಿಗೆ ಸುಮಾರು 746 ಎಂಬಿ ಬೇಕು. ಒಂದು ನಿಮಿಷಕ್ಕೆ 45 ಜಿಬಿ. ಫೋನು ಅದನ್ನು ನಿಮಿಷಕ್ಕೆ 400 ಎಂಬಿಯಷ್ಟಕ್ಕೆ ಇಳಿಸುತ್ತದೆ, ನೂರರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ಹೇಗೆಂದರೆ, ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡುವುದಿಲ್ಲ. ಗೋಡೆ, ಬಾಗಿಲು, ಆಯಿಯ ಸೆರಗು ಅಲ್ಲಾಡಿಲ್ಲವೆಂದರೆ ‘ಹಿಂದಿನ ಚಿತ್ರದಲ್ಲಿದ್ದ ಹಾಗೇ’ ಅಂತ ಒಂದು ಮಾತಿನಲ್ಲಿ ಮುಗಿಸುತ್ತದೆ. ಕೈ ಎಷ್ಟು ಸರಿಯಿತು, ಎತ್ತ ಸರಿಯಿತು, ಅದಷ್ಟೇ ಬರೆಯುತ್ತದೆ. ನೋಡುವಾಗ ಆ ಬರಹವನ್ನು ಓದಿ ಮತ್ತೆ ಪೂರ್ತಿ ಚಿತ್ರ ಕಟ್ಟಬೇಕು, ಸೆಕೆಂಡಿಗೆ 60 ಸಲ. ಒಂದೊಂದು ಚಿತ್ರಕ್ಕೂ 17 ಮಿಲಿಸೆಕೆಂಡಿನಷ್ಟೂ ಸಮಯ ಇಲ್ಲ. ಅಷ್ಟರಲ್ಲಿ ಆಗಲಿಲ್ಲವೋ, ಪ್ಲೇಯರ್ ಆ ಚಿತ್ರವನ್ನು ಬಿಟ್ಟು ಮುಂದಕ್ಕೆ ಓಡುತ್ತದೆ, ದನಿಗೆ ಸರಿಹೊಂದಬೇಕಲ್ಲ. ಆ ಬಿಟ್ಟುಹೋದ ಚಿತ್ರಗಳಲ್ಲೇ ಸೂಜಿ ಇದ್ದದ್ದು.

ಈ ಒತ್ತುವ ವಿಧಾನಗಳು ಹಲವು. 2003ರಲ್ಲಿ ಬಂದ ಎಚ್.264 ಹಳೆಯದು, ಎಲ್ಲ ಕಡೆ ನಡೆಯುತ್ತದೆ. 2013ರಲ್ಲಿ ಎಚ್‌ಇವಿಸಿ ಬಂತು. ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಇಡುತ್ತದೆ, ಬಿಚ್ಚುವ ಲೆಕ್ಕ ಮಾತ್ರ ಬಹಳ. ಐಫೋನಿನ 4ಕೆ 60 ಈ ಎಚ್‌ಇವಿಸಿಯಲ್ಲೇ ಇರುತ್ತದೆ.

ಬಿಚ್ಚುವ ಕೆಲಸವನ್ನು ಎರಡು ಕಡೆ ಮಾಡಿಸಬಹುದು. ಸಿಪಿಯು ಅನ್ನುವುದು ಬೀಸುಕಲ್ಲು ಇದ್ದ ಹಾಗೆ. ಜೋಳ ಹಾಕಿ, ಗೋಧಿ ಹಾಕಿ, ಬೇಳೆ ಹಾಕಿ, ಎಲ್ಲ ಬೀಸುತ್ತದೆ, ನಿಧಾನವಾಗಿ. ಗ್ರಾಫಿಕ್ಸ್ ಚಿಪ್ಪಿನ ಮೂಲೆಯಲ್ಲಿ ವಿಡಿಯೊ ಬಿಚ್ಚಲೆಂದೇ ಇಟ್ಟ ಸಣ್ಣ ಭಾಗ ಇರುತ್ತದೆ, ಅದು ಗಿರಣಿ. ಸರ್ರಂತ ಮುಗಿಸುತ್ತದೆ, ಆದರೆ ಊರ ಗಿರಣಿಯಲ್ಲಿ ಜೋಳದ ಕಲ್ಲೇ ಬೇರೆ, ಖಾರದ ಗಿರಣಿಯೇ ಬೇರೆ. ನಾನು ತಂದ ಜಿಟಿ 710ರಲ್ಲಿ ಎಚ್.264 ಬೀಸುವ ಕಲ್ಲು ಇದೆ, ಎಚ್‌ಇವಿಸಿಯದು ಇಲ್ಲ. 2 ಜಿಬಿಯಲ್ಲ, 20 ಜಿಬಿ ಮೆಮೊರಿ ಇದ್ದಿದ್ದರೂ ಆಗುತ್ತಿರಲಿಲ್ಲ. ನಮ್ಮ ಐ3ರೊಳಗಿನ ಗ್ರಾಫಿಕ್ಸಿನಲ್ಲೂ ಅದಕ್ಕೆಂದು ಪೂರ್ತಿ ಯಂತ್ರ ಇಲ್ಲ. ಹಾಗಾಗಿ ಎಲ್ಲ ಹೊರೆ ಬೀಸುಕಲ್ಲಿನ ಮೇಲೆ.

ರ್‍ಯಾಮ್ ಹೆಚ್ಚಿಸು, ಹಾರ್ಡ್ ಡಿಸ್ಕ್ ಬದಲಿಸು ಅಂತ ಗೆಳೆಯರು ಹೇಳಿದರು. ಲೆಕ್ಕ ಹಾಕಿ ನೋಡಿ: 4.4 ಜಿಬಿ, ಹನ್ನೊಂದು ನಿಮಿಷ. ಡಿಸ್ಕ್ ಸೆಕೆಂಡಿಗೆ 7 ಎಂಬಿ ಓದಿ ಕೊಟ್ಟರೆ ಸಾಕು. ಹಳೇ ಡಿಸ್ಕಿಗೂ ಅದು ಲೆಕ್ಕಕ್ಕಿಲ್ಲ.

ಒಂದು ಸಣ್ಣ ಮಾತು, ಹೆಮ್ಮೆಯದು. ಆಂಡ್ರಾಯ್ಡ್‌ನೊಳಗೆ ಸೇರಿರುವ ಎಚ್‌ಇವಿಸಿ ಸಾಫ್ಟ್‌ವೇರ್ ಡಿಕೋಡರ್ ಬರೆದದ್ದು ಬೆಂಗಳೂರಿನ ಇಟ್ಟಿಯಂ ಸಿಸ್ಟಮ್ಸ್. 2001ರಲ್ಲಿ ಶುರುವಾದ ಕಂಪನಿ. ಎಸ್.ಪಿ. ರೋಡ್ ಇರುವ ಊರಲ್ಲೇ ಈ ವಿದ್ಯೆ ಅರೆದು ಕುಡಿದವರಿದ್ದರು, ನಾನು ಮಾತ್ರ ಅಂಗಡಿಯಲ್ಲಿ ‘ಎಷ್ಟು ಜಿಬಿ’ ಅಂತ ಕೇಳಿ ಬಂದಿದ್ದೆ.

ಎರಡನೇ ಸಲ ಓದಿಕೊಂಡು ಹೋದೆ. ಜಿಟಿ 1030 ಆರಿಸಿದೆ. 2017ರ ಕಾರ್ಡು, ಆಟಕ್ಕೆ ಅಷ್ಟಕ್ಕಷ್ಟೆ, ಆದರೆ ಎಚ್‌ಇವಿಸಿ 10 ಬಿಟ್‌ವರೆಗೂ ಬಿಚ್ಚುತ್ತದೆ, ಯೂಟ್ಯೂಬಿನ ವಿಪಿ9 ಕೂಡ. 30 ವ್ಯಾಟ್ ಸಾಕು, ಮದರ್‌ಬೋರ್ಡಿನ ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತದೆ, ಬೇರೆ ವೈರ್ ಬೇಡ. ಇದು ನನಗೆ ಮುಖ್ಯವಾಗಿತ್ತು. ಹತ್ತು ವರ್ಷದ ಎಸ್‌ಎಂಪಿಎಸ್, ಊರಿನ ಕರೆಂಟು ಹೆಂಗೋ ಹಂಗೆ. ದೊಡ್ಡ ಕಾರ್ಡು ಹಾಕಿದರೆ ಎಸ್‌ಎಂಪಿಎಸ್‌ನ ಜೊತೆ ಉಳಿದದ್ದೂ ಹೋದೀತು. ಈ ಹೆಸರಲ್ಲಿ ಎರಡು ನಮೂನೆ ಇದೆ, ಹಳೆಯದು ಜಿಡಿಡಿಆರ್5 ಮೆಮೊರಿಯದು, ಆಮೇಲೆ ಬಂದದ್ದು ಡಿಡಿಆರ್4. ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ ಮೊದಲನೆಯದನ್ನೇ ತಂದೆ. ಎರಡನೆಯದರಲ್ಲಿ ಮೆಮೊರಿಯ ವೇಗ ಅರ್ಧಕ್ಕಿಂತ ಕಮ್ಮಿ. ಆರೂವರೆ ಸಾವಿರದ ಹತ್ತಿರ ಬಿತ್ತು.

ಸಂಕ್ರಾಂತಿಗೆ ಊರಿಗೆ ಹೋದಾಗ ಪೆಟ್ಟಿಗೆ ಬಿಚ್ಚಿದೆ. ನಮ್ಮ ಎರಿ ಮಣ್ಣಿನ ಧೂಳು ಫ್ಯಾನಿನ ಮೇಲೆ ಕಂಬಳಿಯಂತೆ ಕುಂತಿತ್ತು. ಒಂದು ಮೂಲೆಯಲ್ಲಿ ಹಲ್ಲಿಯ ತತ್ತಿಯ ಸಿಪ್ಪೆ. ಅಪ್ಪ ಸೈಕಲ್ ಪಂಪು ತಂದು ಗಾಳಿ ಹೊಡೆದ, ನಾನು ಫ್ಯಾನಿನ ರೆಕ್ಕೆಗೆ ಬೆರಳು ಕೊಟ್ಟು ಹಿಡಿದುಕೊಂಡೆ. ಕರೆಂಟ್ ತೆಗೆದು, ಕಬ್ಬಿಣ ಮುಟ್ಟಿ, ಕಾರ್ಡನ್ನು ಸ್ಲಾಟಿಗೆ ಒತ್ತಿ ಕೂರಿಸಿದೆ. ಟಕ್ ಅಂತು. ಆನ್ ಮಾಡಿದರೆ ಟಿವಿಯಲ್ಲಿ ಕತ್ತಲೆ.

ಎದೆ ಧಸಕ್ ಅಂತು. ಹತ್ತು ನಿಮಿಷ ಏನೇನೋ ಮಾಡಿದ ಮೇಲೆ ಅಪ್ಪ ಹಿಂದಿನಿಂದ, ‘ವೈರ್ ಹಳೇ ತೂತಿನಾಗs ಐತಲ್ಲೋ’ ಅಂದ. ಎಚ್‌ಡಿಎಂಐ ಕೇಬಲ್ ಇನ್ನೂ ಮದರ್‌ಬೋರ್ಡಿನ ತೂತಿನಲ್ಲೇ ಇತ್ತು. ಹೊಸ ಕಾರ್ಡಿನ ತೂತಿಗೆ ಬದಲಿಸಬೇಕಿತ್ತು. ಎಂಜಿನಿಯರಿಂಗ್ ಪದವಿ ಒಂದು ಕಡೆ, ಅಪ್ಪನ ಕಣ್ಣು ಒಂದು ಕಡೆ.

ಇನ್ನೊಂದು ತೊಡಕು ಬಾಕಿ ಇತ್ತು. ಹಳೇ ಬೋರ್ಡಿನ ಎಚ್‌ಡಿಎಂಐ 1.4, ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೋಗುತ್ತದೆ. ಹೊಸ ಕಾರ್ಡಿನಲ್ಲಿ 2.0, ಅಂದರೆ 60. ಆದರೆ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಇನ್ನೂ 30 ಹರ್ಟ್ಸ್ ಅಂತಲೇ ತೋರಿಸುತ್ತಿತ್ತು. ಟಿವಿಯ ಮೆನುವಿನಲ್ಲಿ ಎಚ್‌ಡಿಎಂಐ ಸಿಗ್ನಲ್ ಅನ್ನುವ ಕಡೆ ‘ಎನ್‌ಹಾನ್ಸ್ಡ್’ ಆರಿಸಿದ ಮೇಲೆ 60 ಬಂತು. ಹಳೇ ಕೇಬಲ್ ಆಗಾಗ ಪಿಳುಕಿಸಿತು, 18 ಗಿಗಾಬಿಟ್ ತಾಳುವ ಹೊಸ ಕೇಬಲನ್ನು ಹುಬ್ಬಳ್ಳಿಯಿಂದ ತರಿಸಬೇಕಾಯಿತು.

ವಿಎಲ್‌ಸಿಯಲ್ಲಿ ವಿಡಿಯೊ ಹಚ್ಚಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಮೊದಲು ನೂರಕ್ಕೆ ನೂರು ದುಡಿಯುತ್ತಿದ್ದ ಸಿಪಿಯು ಕೆಳಗೆ ಮಲಗಿತು. ಜಿಪಿಯು ಪುಟದಲ್ಲಿ ‘ವಿಡಿಯೊ ಡಿಕೋಡ್’ ಅನ್ನುವ ಗೆರೆ ಎದ್ದಿತು. ನನಗೆ ಆ ಗೆರೆ ನೋಡಿಯೇ ಖುಷಿ. ಅವ್ವ ಗೆರೆ ನೋಡುತ್ತಿರಲಿಲ್ಲ.

ಆಯಿ ಸೂಜಿಗೆ ದಾರ ಪೋಣಿಸಿದಳು. ನಾಲಗೆಗೆ ಹಚ್ಚಿ, ಕಣ್ಣು ಕಿರಿದು ಮಾಡಿ, ಎರಡನೇ ಸಲಕ್ಕೆ. ಸೆರಗು ಸರಿಮಾಡಿಕೊಂಡಳು. ಎಲ್ಲ ನೀರು ಹರಿದ ಹಾಗೆ. ಯಾರೂ ಮಾತಾಡಲಿಲ್ಲ. ತಂಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಅಪ್ಪ ಎದ್ದು ಹೊರಗೆ ಹೋಗಿ ದನಕ್ಕೆ ಮೇವು ಹಾಕಿ ಬಂದ, ಮೇವು ಮೊದಲೇ ಹಾಕಿತ್ತು.

ನೀವು ಇಂಥದ್ದೇ ಕೆಲಸಕ್ಕೆ ಕೈ ಹಾಕುವ ಮೊದಲು ಎರಡು ಮಾತು. ನಿಮ್ಮ ಕಂಪ್ಯೂಟರ್ ಇಂಟೆಲ್‌ನ ಏಳನೇ ತಲೆಮಾರಿನದೋ ಆಮೇಲಿನದೋ ಆಗಿದ್ದು, ಒಳಗೇ ಗ್ರಾಫಿಕ್ಸ್ ಇದ್ದರೆ, ಎಚ್‌ಇವಿಸಿಗೆ ಬಹುಶಃ ಕಾರ್ಡೇ ಬೇಡ. ವಿಎಲ್‌ಸಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಇದೆಯೇ, ಡ್ರೈವರ್ ಸರಿಯಿದೆಯೇ ನೋಡಿ, ದುಡ್ಡು ಖರ್ಚಿಲ್ಲದೆ ಮುಗಿಯಬಹುದು. ಈಗ ಹೊಸದಾಗಿ ಕಾರ್ಡು ಕೊಳ್ಳುವವರಿಗೆ ನಾನು ಜಿಟಿ 1030 ಹೇಳುವುದಿಲ್ಲ. 2018ರಲ್ಲಿ ಬಂದ ಎವಿ1 ವಿಧಾನವನ್ನು ಯೂಟ್ಯೂಬ್ ಈಗ ಬಳಸುತ್ತಿದೆ, ಈ ಕಾರ್ಡಿಗೆ ಅದು ಬರುವುದಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಸರಣಿ, ಇಂಟೆಲ್‌ನ ಆರ್ಕ್ ಕಾರ್ಡುಗಳಿಗೆ ಬರುತ್ತದೆ. ಎಎಂಡಿಯ ಆರ್‌ಎಕ್ಸ್ 6400 ನೋಡಲು ಹೊಸದು, ಅದರಲ್ಲಿ ಎವಿ1 ಇಲ್ಲ. ಹೆಸರಿನ ಸಂಖ್ಯೆ ನೋಡಿ ಮೋಸಹೋಗಬೇಡಿ. ಅಂಗಡಿಯಲ್ಲಿ ‘4ಕೆ ಬರುತ್ತಾ’ ಅಂತ ಕೇಳಬೇಡಿ. ನಿಮ್ಮ ವಿಡಿಯೊ ಯಾವ ವಿಧಾನದ್ದು ಅಂತ ಮನೆಯಲ್ಲೇ ನೋಡಿಕೊಂಡು (ವಿಎಲ್‌ಸಿಯ ಕೋಡೆಕ್ ಮಾಹಿತಿಯಲ್ಲಿ ಸಿಗುತ್ತದೆ), ‘ಇದನ್ನು ಬಿಚ್ಚುತ್ತಾ’ ಅಂತ ಕೇಳಿ.

ನಮ್ಮ ಮನೆಯ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. ಅವ್ವನಿಗೆ ಕೀಬೋರ್ಡಿನಲ್ಲಿ ಎರಡು ಗುಂಡಿ ತೋರಿಸಿಕೊಟ್ಟು ಬೆಂಗಳೂರಿಗೆ ಬಂದೆ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ. ಇಂಗ್ಲಿಷಿನ ‘ಇ’ ಒತ್ತಿದರೆ ಒಂದೇ ಒಂದು ಫ್ರೇಮು ಮುಂದೆ ಹೋಗುತ್ತದೆ. ‘ಇ’ ಮೇಲೆ ತಂಗಿ ಕುಂಕುಮದ ಬೊಟ್ಟು ಅಂಟಿಸಿದ್ದಾಳೆ.

ನಾಲ್ಕನೇ ದಿನ ರಾತ್ರಿ ಅವ್ವನ ಫೋನು ಬಂತು.

‘ತಮ್ಮಾ, ಸಿಕ್ತು.’

‘ಏನು ಸಿಕ್ತವ್ವ?’

‘ಮೂಲಿಗೆ ಬಂದ ಕೂಡಲೇ ಅತ್ತಿಯವರು ಮುಂದ ಹೋಗಂಗಿಲ್ಲ ನೋಡು. ಹೆಬ್ಬಟ್ಟಿನ ಕೆಳಗ ಒಂದು ಹೊಲಿಗಿ ಹಿಂದ ಹಾಕ್ತಾರ. ಹಿಂದ! ಆಮ್ಯಾಲೆ ಬಟ್ಟಿ ತಿರುವತಾರ. ಹೆಬ್ಬಟ್ಟು ಮುಚ್ಚಿರ್ತದ, ಅದಕ್ಕs ಎದುರಿಗೆ ಕುಂತು ನೋಡಿದರೂ ತಿಳೀತಿರಲಿಲ್ಲ. ಗುಂಡಿ ಮೂವತ್ತು ಸಲ ಒತ್ತಿದೆ, ಎರಡು ಸಲ ಮಾತ್ರ ಸೂಜಿಯ ಮೊನಿ ಹೊರಗ ಕಂಡ್ತು.’

ಮೂವತ್ತು ಫ್ರೇಮು, ಅಂದರೆ ಅರ್ಧ ಸೆಕೆಂಡು. ನಾನು ಆಫೀಸಿನ ಕ್ಯಾಬ್‌ನಲ್ಲಿದ್ದೆ, ಸುಮ್ಮನೆ ‘ಹ್ಞೂಂ’ ಅಂದೆ.

ಮಗು ಮಾರ್ಚ್‌ನಲ್ಲಿ ಹುಟ್ಟಿತು, ಹೆಣ್ಣು. ತೊಟ್ಟಿಲಿನ ಕೌದಿಯ ನಾಲ್ಕು ಮೂಲೆಯಲ್ಲಿ ಮೂರು ಸಪಾಟು ಕುಂತಿವೆ. ಮೊದಲು ಹೊಲಿದ ಒಂದು ಮಾತ್ರ ಸ್ವಲ್ಪ ಎದ್ದಿದೆ, ಬಿಚ್ಚಲು ಅವ್ವ ಒಪ್ಪಲಿಲ್ಲ. ಈಗ ಎರಡನೇ ಸೀರೆಯದು ನಡೆದಿದೆ, ಅದು ದೊಡ್ಡದು, ಅಪ್ಪನಿಗಂತೆ. ಹೋದ ವಾರ ಊರಿಗೆ ಹೋದಾಗ ಸಂಜೆ ಏಳರ ಹೊತ್ತಿಗೆ ಅಪ್ಪ ರಿಮೋಟ್ ಹಿಡಿದು ನಿಂತಿದ್ದ, ನ್ಯೂಸ್ ನೋಡಬೇಕು. ಟಿವಿಯಲ್ಲಿ ಆಯಿಯ ಕೈ ನಿಂತಿತ್ತು, ಸೂಜಿ ಅರ್ಧ ಬಟ್ಟೆಯೊಳಗೆ.

‘ತಡೀರಿ,’ ಅಂದಳು ಅವ್ವ, ತಲೆ ಎತ್ತದೆ. ‘ಇನ್ನೊಂದು ಮೂಲಿ ಐತಿ.’